ಶನಿವಾರದ ಕಬ್ಬಿಣ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ದೋಸೆ ಹಿಟ್ಟು ಹುಳಿ ಬಂದಿರಲಿಲ್ಲ, ಇವರಿಗೆ ಅವಲಕ್ಕಿ ಒಗ್ಗರಣೆ ಹಾಕಿ ಡಬ್ಬಿ ಕಟ್ಟಿದೆ. ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡಿಟ್ಟೆ. ಟ್ಯಾಂಕು ತುಂಬಿಸಿದೆ. ಮಧ್ಯಾಹ್ನದವರೆಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದು, ಬರುವಾಗ ಹುರುಳಿಕಾಯಿ ಮತ್ತು ಒಂದು ಕಟ್ಟು ಕೊತ್ತಂಬರಿ ತಂದೆ. ಒಣಗಿದ ಬಟ್ಟೆ ಮಡಿಸಿದೆ. ಭದ್ರಾವತಿಯಿಂದ ಬಂದವರಿಗೆ ಕಾಫಿ ಮಾಡಿಕೊಟ್ಟೆ. ಅವರು ಕೊಟ್ಟುಹೋದ ಗೋಣಿಚೀಲವನ್ನು ಹೊಸಿಲಿನಾಚೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟೆ.

ಈ ಕೊನೆಯ ಕೆಲಸ ಮಾತ್ರ ದೀಪ ಹಚ್ಚುವ ಹೊತ್ತಿನವರೆಗೂ ಅರ್ಧಕ್ಕೇ ನಿಂತಿತ್ತು. ಚೀಲವನ್ನು ಒಳಗೆ ತರಲು ಧೈರ್ಯವಿಲ್ಲ, ಹೊರಗೇ ಬಿಡಲು ಮನಸ್ಸಿಲ್ಲ. ಅತ್ತೆ ಪಕ್ಕದ ಬೀದಿಗೆ ಭಜನೆಗೆ ಹೋಗಿದ್ದರು. ಅವರು ಬಂದು ನೋಡಿದರೆ ಏನೆನ್ನುತ್ತಾರೋ ಎಂದು ಬಾಗಿಲಲ್ಲೇ ಕುಳಿತಿದ್ದೆ. ಇವತ್ತು ಶನಿವಾರ. ಚೀಲದಲ್ಲಿ ಇದ್ದದ್ದು ಕಬ್ಬಿಣ. ಅದೂ ಸಾವಾದ ಮನೆಯಿಂದ, ಪುಕ್ಕಟೆಯಾಗಿ ಬಂದ ಕಬ್ಬಿಣ.

ಆ ಕಬ್ಬಿಣದ ಒಡತಿಯನ್ನು ನಮ್ಮ ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದೆವು. ಹೊಸಮನೆ ಬಡಾವಣೆಯಲ್ಲಿ ನಮ್ಮ ಎದುರು ಸಾಲಿನ ಮೂಲೆ ಮನೆ ಅವರದು. ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ವಿಭಾಗದಲ್ಲಿದ್ದವರು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಶಾಯಿಯಲ್ಲಿ ತಿದ್ದಿ ಪ್ರತಿ ತೆಗೆಯುವ ಕೆಲಸ. ಅಲ್ಲಿ ಕೆಲಸ ಕಡಿಮೆಯಾದಾಗ ಅವಧಿಗೆ ಮುಂಚೆಯೇ ಬಿಟ್ಟು ಬಂದು ಇಲ್ಲಿ ಚಿಕ್ಕ ಮನೆ ಕಟ್ಟಿಸಿಕೊಂಡರು. "ಏನು ಕೆಲಸ ಮಾಡ್ತಿದ್ರಿ ಅಕ್ಕ?" ಎಂದು ಯಾರಾದರೂ ಕೇಳಿದರೆ, "ಬೇರೆಯವರು ಎಳೆದ ಗೆರೆ ಮೇಲೆ ಗೆರೆ ಎಳೀತಿದ್ದೆ" ಎಂದು ಮುಗಿಸುತ್ತಿದ್ದರು.

ಕೆಲಸ ಬಿಟ್ಟರೂ ಪೆನ್ಸಿಲು ಬಿಡಲಿಲ್ಲ. ಅದು ಯಾವಾಗಲೂ ಅವರ ತಲೆಗೂದಲಿನ ಗಂಟಿನಲ್ಲಿ ಸಿಕ್ಕಿಸಿಕೊಂಡೇ ಇರುತ್ತಿತ್ತು. ಹೂ ಮುಡಿದ ದಿನ ಹೂವಿನ ಜೊತೆ ಪೆನ್ಸಿಲು. ಮದುವೆ ಮನೆಗೆ ಹೋದಾಗ ನಾನೇ ಎಷ್ಟೋ ಸಲ ಅದನ್ನು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಅವರ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ನಾನು ಕೇಳಿಲ್ಲ. ತುಂಬಾ ಇಷ್ಟವಾದರೆ "ಆಗುತ್ತೆ" ಎನ್ನುತ್ತಿದ್ದರು. ನಮ್ಮ ಮಗಳ ಮದುವೆ ಸೀರೆಯನ್ನು ಬಿಡಿಸಿ ತೋರಿಸಿದಾಗಲೂ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಹೂಂ, ಆಗುತ್ತೆ" ಎಂದರು. ಮಗಳು ಮುಖ ಊದಿಸಿಕೊಂಡಳು. ಅದು ಪೂರ್ತಿ ಅಂಕ ಎಂದು ಅವಳಿಗೆ ಹೇಳಿ ನಂಬಿಸಲು ನನಗೆ ಸಾಕಾಯಿತು.

ಅವರ ಬಲಗೈ ನಡುಗುತ್ತದೆ ಎಂದು ಬೀದಿಯಲ್ಲಿ ಮೊದಲು ಗೊತ್ತಾದದ್ದು ನನಗೆ. ಮಾತ್ರೆ ಚೀಟಿ ಹಿಡಿದುಕೊಂಡು ಅಂಗಡಿಗೆ ಬಂದರು. ನಾನು ಮಾತ್ರೆ ತೆಗೆದುಕೊಟ್ಟೆ. ಕವರು ಕೈಗೆ ತೆಗೆದುಕೊಳ್ಳುವಾಗ, "ಇದು ನಿಮ್ಮ ಅತ್ತೆ ತನಕ ಹೋಗೋದು ಬೇಡ ಮಾರಾಯ್ತಿ" ಎಂದರು. ಅಲ್ಲಿಂದ ಮುಂದೆ ಅವರು ಕೈಯನ್ನು ಹೇಗೆಲ್ಲ ಬಚ್ಚಿಡುತ್ತಾರೆ ಎನ್ನುವುದು ನನ್ನ ಕಣ್ಣಿಗೆ ಬೀಳತೊಡಗಿತು. ಕೂತಾಗ ಸೆರಗಿನ ಕೆಳಗೆ. ನಿಂತಾಗ ಎಡಗೈ ಬಂದು ಬಲಗೈಯ ಮಣಿಕಟ್ಟು ಹಿಡಿಯುತ್ತಿತ್ತು, ತಪ್ಪಿಸಿಕೊಂಡು ಹೋಗುವ ಮಗುವನ್ನು ಹಿಡಿದ ಹಾಗೆ. ನಮ್ಮಲ್ಲಿಗೆ ಬಂದರೆ, "ಕಾಫಿ ಅರ್ಧ ಲೋಟ ಕೊಡು. ಆಮೇಲೆ ಇನ್ನರ್ಧ" ಎನ್ನುತ್ತಿದ್ದರು. ಬಿಸಿಯಾಗಿ ಕುಡಿಯುವುದಕ್ಕೆ ಎಂದು ಅತ್ತೆ ತಿಳಿದುಕೊಂಡಿದ್ದರು. ತುಂಬಿದ ಲೋಟ ತುಳುಕುತ್ತದೆ ಎಂದು ನನಗೆ ಗೊತ್ತಿತ್ತು.

ಮಾತ್ರೆಯ ಪ್ರಮಾಣ ನಿಧಾನವಾಗಿ ಏರುತ್ತಿತ್ತು. ತರಕಾರಿ ಹೆಚ್ಚುವಾಗ ಎರಡು ಸಲ ಕೈ ಕೊಯ್ದುಕೊಂಡರು. ಎರಡನೆಯ ಸಲ ಹೊಲಿಗೆ ಹಾಕಿಸಬೇಕಾಯಿತು. ಭದ್ರಾವತಿಯಲ್ಲಿದ್ದ ತಂಗಿಗೆ ಆಗ ವಿಷಯ ತಿಳಿಯಿತು. ಅವರು ಬಂದವರೇ ಅಕ್ಕನ ಅಡುಗೆಮನೆಯಲ್ಲಿ ಚಾಕುವನ್ನೆಲ್ಲ ಎತ್ತಿ ಬೀರುವಿನಲ್ಲಿಟ್ಟು, ನನ್ನೆದುರಿಗೇ ಹೇಳಿದರು: "ನೋಡು ಅಕ್ಕ, ಇದೇ ಕೊನೆ. ಇನ್ನೊಂದು ಸಲ ಬ್ಯಾಂಡೇಜು ನೋಡಿದ್ರೆ ಅವತ್ತೇ ಗ್ಯಾಸ್ ಕನೆಕ್ಷನ್ ವಾಪಸ್ ಕೊಡಿಸ್ತೀನಿ. ಮನೆಗೆ ಬೀಗ ಹಾಕಿ ನಮ್ಮನೆಗೆ ಬಂದುಬಿಡು. ಅಲ್ಲಿ ನಿಂಗೆ ಕೂತಲ್ಲಿಗೆ ಊಟ ಬರುತ್ತೆ."

ತಂಗಿ ಕೆಟ್ಟವರಲ್ಲ. ಹೆದರಿದವರು. ಆದರೆ ಅಕ್ಕನ ಮುಖ ಬಿಳುಚಿಕೊಂಡದ್ದನ್ನು ನೋಡಿದೆ. ತಂಗಿ ಹೋದ ಮೇಲೆ ಅಕ್ಕ ಒಲೆ ಒರೆಸುತ್ತಾ, "ಕೂತಲ್ಲಿಗೆ ಊಟ ಬಂದ್ರೆ ಎದ್ದು ಏನು ಮಾಡ್ಲಿ?" ಎಂದರು.

ದಾರಿ ಸಿಕ್ಕಿದ್ದು ನಮ್ಮ ಮನೆಯಲ್ಲಿ. ಅತ್ತೆ ನೆಲದ ಮೇಲೆ ಈಳಿಗೆಮಣೆ ಹಾಕಿ, ಮಣೆಯ ಮೇಲೆ ಕಾಲಿಟ್ಟುಕೊಂಡು ಬಾಳೆದಿಂಡು ಹೆಚ್ಚುತ್ತಿದ್ದರು. ಅಕ್ಕ ಅದನ್ನೇ ನೋಡುತ್ತಾ ಕುಳಿತವರು ಕಾಫಿಯ ಎರಡನೇ ಅರ್ಧ ಕೇಳಲೇ ಇಲ್ಲ. ಚಾಕುವಿನಲ್ಲಾದರೆ ಕತ್ತಿ ಹಿಡಿದ ಕೈ ಅಲುಗುತ್ತದೆ. ಈಳಿಗೆಮಣೆಯಲ್ಲಿ ಕತ್ತಿ ನಿಂತಲ್ಲೇ ಇರುತ್ತದೆ, ಕಾಯಿ ಚಲಿಸುತ್ತದೆ, ಅದನ್ನು ಎರಡೂ ಕೈ ಹಿಡಿದಿರುತ್ತವೆ. ಎರಡು ಕೈ ಸೇರಿದಾಗ ಅವರ ನಡುಕ ಕಡಿಮೆ. ಆದರೆ ನೆಲದಲ್ಲಿ ಕುಳಿತರೆ ಏಳಲು ಯಾರಾದರೂ ಕೈಕೊಡಬೇಕು.

"ಇದನ್ನ ಅಡುಗೆಕಟ್ಟೆ ಮೇಲೆ ಕೂರಿಸಿದ್ರೆ ಹೇಗೆ?" ಎಂದರು.

"ಈಳಿಗೆಮಣೆ ಮೇಲೆ ನಾವು ಕೂರೋದು. ಅದು ಹೋಗಿ ಕಟ್ಟೆ ಮೇಲೆ ಕೂರುತ್ತಾ?" ಎಂದರು ಅತ್ತೆ, ತಲೆ ಎತ್ತದೆ. "ನಿಂತು ಹೆಚ್ಚಿದ್ದು ಹೋಟ್ಲು ಅಡುಗೆ."

ಅಕ್ಕನ ಗಂಟಿನಿಂದ ಪೆನ್ಸಿಲು ಇಳಿಯಿತು. ಹುರಿಗಡಲೆ ಬಂದ ಪೇಪರಿನ ಮೇಲೆ ಗೆರೆ ಎಳೆಯಲು ಶುರುಮಾಡಿದರು. ಗೆರೆ ಡೊಂಕಾಯಿತು. ಅದರ ಮೇಲೆ ಇನ್ನೊಂದು ಎಳೆದರು. ಅದೂ ಡೊಂಕು. ಆಮೇಲೆ ಎಡಗೈಯ ಉಗುರನ್ನು ಪಟ್ಟಿಯ ಹಾಗೆ ಒತ್ತಿಹಿಡಿದು, ಅದರ ಅಂಚಿಗೆ ಪೆನ್ಸಿಲು ತಾಗಿಸಿ ಎಳೆದರು. ನೆಟ್ಟಗೆ ಬಂತು.

ಒಂದು ಮಾಡಿಸಿಕೊಂಡು ಸುಮ್ಮನಾಗಬಹುದಿತ್ತಲ್ಲ, ಅದನ್ನೊಂದು ವ್ಯಾಪಾರ ಮಾಡುವ ಹುಚ್ಚು ಯಾಕೆ ಎಂದು ನಾನೂ ಕೇಳಿದ್ದೇನೆ. ಅವರು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ನನಗೊಬ್ಬಳಿಗೆ ಮಾಡಿಸ್ಕೊಂಡ್ರೆ ಅದು ರೋಗಿ ಸಾಮಾನು ಆಗುತ್ತೆ. ಊರುಗೋಲಿನ ತರ. ನನ್ ತಂಗಿ ನೋಡಿದ ಕೂಡ್ಲೆ ಅಳ್ತಾಳೆ. ನಾಲ್ಕು ಮನೇಲಿ ಇದ್ದು, ಅಂಗಡೀಲೂ ಸಿಕ್ಕಿದ್ರೆ ಅಡುಗೆಮನೆ ಸಾಮಾನು."

ಗಾಂಧಿ ಬಜಾರಿನ ಪಾತ್ರೆ ಅಂಗಡಿಯವರು ಅವರಿಗೆ ಪರಿಚಯ. ನಕ್ಷೆ ತೋರಿಸಿದಾಗ ಆತ ತಿರುಗಿಸಿ ಮುರುಗಿಸಿ ನೋಡಿ, "ಅಕ್ಕ, ನಿಮ್ಮ ಬೀದಿ ಹೆಂಗಸರು ಬಳಸಿ ಒಪ್ಪಿದ್ರೆ ದೀಪಾವಳಿಗೆ ಇಡ್ತೀನಿ. ಇಲ್ಲಾಂದ್ರೆ ಧೂಳು ಒರೆಸೋರು ಯಾರು?" ಎಂದರು. ಅಕ್ಕ ಅದನ್ನು ಪರೀಕ್ಷೆಯ ಹಾಗೆ ತೆಗೆದುಕೊಂಡರು. ಬೀದಿ ಒಪ್ಪಬೇಕು, ಅಂಗಡಿಗೆ ಹೋಗಬೇಕು, ತಂಗಿ ನೋಡಬೇಕು. ಈ ಮೂರೂ ದೀಪಾವಳಿಯ ಒಳಗೆ. ದೀಪಾವಳಿಗೆ ತಂಗಿ ಬರುವವರಿದ್ದರು, ಅಕ್ಕನನ್ನು ಕರೆದುಕೊಂಡು ಹೋಗುವ ಮಾತನ್ನೂ ಅಷ್ಟರಲ್ಲಿ ತೀರ್ಮಾನಿಸುವವರಿದ್ದರು.

ಮೊದಲು ಎಲ್ಲರ ಮನೆಯ ಅಡುಗೆಕಟ್ಟೆಯ ದಪ್ಪ ಬೇಕಾಯಿತು. ಮಣೆ ಕಟ್ಟೆಯ ಅಂಚನ್ನು ಕಚ್ಚಿ ಹಿಡಿಯಬೇಕಲ್ಲ. ನೇರವಾಗಿ ಕೇಳುವುದಕ್ಕೆ ಅವರಿಗೆ ಸಂಕೋಚ. ಕಾಫಿಪುಡಿ ಸಾಲ ಕೇಳುವ ನೆಪದಲ್ಲಿ ಒಳಗೆ ಹೋಗಿ, ಕಟ್ಟೆಗೆ ಆನಿಸಿಕೊಂಡ ಹಾಗೆ ಕೈಯಿಟ್ಟು ಬೆರಳಿನಲ್ಲಿ ಅಳೆದು ಬರುತ್ತಿದ್ದರು. ಕೆಲವರದು ಕಡಪ ಕಲ್ಲು, ಕೆಲವರದು ಗ್ರಾನೈಟು. ಒಂದೊಂದರ ದಪ್ಪ ಒಂದೊಂದು. ಆ ತಿಂಗಳು ಅವರ ಮನೆಯಲ್ಲಿ ಬೀದಿಯ ಎಲ್ಲ ಮನೆಗಳ ಕಾಫಿಪುಡಿ ಬೆರೆತು ಒಂದು ವಿಚಿತ್ರ ರುಚಿಯ ಕಾಫಿ ಆಗುತ್ತಿತ್ತು. ಅಕ್ಕನಿಗೆ ಕಾಫಿಪುಡಿ ಕೊಳ್ಳುವುದಕ್ಕೂ ಕಷ್ಟವಾಗಿದೆ ಎಂದು ಅತ್ತೆ ಮರುಗಿದರು.

ತಯಾರಿಸಿದ್ದು ಭದ್ರಾವತಿಯಲ್ಲಿ. ಹಳೇನಗರದ ಕಡೆ ಮುರುಗೇಶನ ವೆಲ್ಡಿಂಗ್ ಶೆಡ್ಡು. ಒಬ್ಬರನ್ನೇ ಕಳಿಸಲು ಭಯವಾಗಿ ರಜೆಯ ದಿನ ನಾನೂ ಬಸ್ಸು ಹತ್ತುತ್ತಿದ್ದೆ. ಮಾದರಿಯ ಕತ್ತಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿರುತ್ತಿದ್ದರು. ಒಮ್ಮೆ ಮಲವಗೊಪ್ಪದ ಹತ್ತಿರ ಬಸ್ಸು ಗಕ್ಕನೆ ನಿಂತು, ಗಂಟು ಜಾರಿ ಕೆಳಗೆ ಬಿದ್ದು, ಬಟ್ಟೆಯ ಸಂದಿಯಿಂದ ಕತ್ತಿಯ ಮೂತಿ ಹೊರಗೆ ಬಂತು. ಮುಂದಿನ ಸೀಟಿನ ಹೆಂಗಸು ಕಾಲು ಮೇಲೆತ್ತಿಕೊಂಡಳು.

"ಏನ್ರಮ್ಮ ಇದು, ಯಾರನ್ನ ಕಡಿಯಕ್ಕೆ ಹೊರಟಿದೀರಾ?" ಎಂದ ಕಂಡಕ್ಟರು.

"ಹುರುಳಿಕಾಯಿನ" ಎಂದರು ಅಕ್ಕ.

ಬಸ್ಸೆಲ್ಲ ನಕ್ಕಿತು. ನಗದವರು ನಾವಿಬ್ಬರೇ. ಕತ್ತಿಯನ್ನು ಮತ್ತೆ ಸುತ್ತುವಾಗ ಅವರ ಕೈ ಎಷ್ಟು ಅಲುಗುತ್ತಿತ್ತೆಂದರೆ, ನಾನು ಎರಡೂ ಕೈಯಿಂದ ಬಟ್ಟೆಯನ್ನು ಬಿಗಿ ಹಿಡಿದಿದ್ದೆ. ನಡುಗುವ ಕೈಯವರು ಕತ್ತಿಯ ಕೆಲಸಕ್ಕೇ ಹೋಗಿ ಬಿದ್ದಿದ್ದಾರಲ್ಲ, ಏನಾದರೂ ಆದರೆ ತಂಗಿಗೆ ಏನು ಹೇಳಲಿ ಎಂಬ ಯೋಚನೆ ಆ ದಿನಗಳಲ್ಲಿ ನನ್ನನ್ನು ಬಿಟ್ಟಿದ್ದೇ ಇಲ್ಲ. ಅಂಗಡಿಯಲ್ಲಿ ಹತ್ತಿ, ಬ್ಯಾಂಡೇಜು ಎತ್ತಿಕೊಡುವಾಗಲೂ ಅವರದೇ ನೆನಪು.

ಮುರುಗೇಶ ತಾಳ್ಮೆಯ ಮನುಷ್ಯ. ಆದರೂ ನಮ್ಮನ್ನು ಕಂಡರೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. "ಏನ್ ಮಾ, ತಿರುಗಾ ಬಂದ್ರಾ? ಹೋದ ವಾರ ಇದೇ ಸರಿ ಅಂದ್ರಿ ಇಲ್ವಾ?"

"ಸರಿ ಅಂದಿಲ್ಲ. ಆಗುತ್ತೆ ಅಂದೆ."

"ಎರಡಕ್ಕೂ ಏನ್ ಮಾ ವ್ಯತ್ಯಾಸ?"

"ಒಂದು ವಾರ" ಎಂದರು ಅಕ್ಕ. ಆತ ನಗುತ್ತಾ ಮತ್ತೆ ಕನ್ನಡಕ ಏರಿಸಿದ.

ಮಣೆ ನುಣುಪಾದ ಕಲ್ಲಿನ ಮೇಲೆ ಜಾರುತ್ತಿತ್ತು. ಅಡಿಗೆ ಸೈಕಲ್ ಟ್ಯೂಬು ಅಂಟಿಸಿದರು. ಬೆರಳಿಗೂ ಕತ್ತಿಗೂ ನಡುವೆ ಮರದ ಸಣ್ಣ ಗೋಡೆ ಬಂತು. ಕೆಲಸ ಮುಗಿದ ಮೇಲೆ ಕತ್ತಿ ಮಡಚಿ ಮಣೆಯೊಳಗೆ ಮಲಗುವ ಹಾಗೆ ಒಂದು ಪಿನ್ನು ಬಂತು. ಕೊನೆಗೊಂದು ದಿನ ಬೀದಿಗೆ ಕೊಡುವ ನಾಲ್ಕು ತಯಾರಾದವು. ಮುರುಗೇಶನ ಹುಡುಗರಿಗೆ ಕೂಲಿ ಬಟವಾಡೆ ಶನಿವಾರ, ಸಾಮಾನು ಕೊಡುವುದೂ ಶನಿವಾರ. ನನಗೆ ಅವತ್ತು ಅಂಗಡಿಯಲ್ಲಿ ಸಂಜೆಯ ಪಾಳಿ. ಅಕ್ಕ ಆಟೋದಲ್ಲಿ ತಂದು, ಬಿಸಿಬಿಸಿಯಾಗಿ, ಅದೇ ಸಂಜೆ ಮನೆಮನೆಗೆ ಹೋಗಿ ಕೊಟ್ಟರು. "ದುಡ್ಡೇನೂ ಬೇಡ. ಬಳಸಿ ನೋಡಿ ಹೇಳಿ" ಎಂದರಂತೆ. ನಮ್ಮ ಮನೆಗೆ ಕೊಟ್ಟ ವಿಷಯ ನನಗೆ ಗೊತ್ತಾಗಲೇ ಇಲ್ಲ. ಹೋಟೆಲ್ ಅಡುಗೆ ಎಂದವರ ಮನೆಗೆ ಯಾಕೆ ಕೊಡುತ್ತಾರೆ ಎಂದುಕೊಂಡು ನಾನೂ ಕೇಳಲಿಲ್ಲ.

ವಾರ ಕಳೆದು ಅಕ್ಕ ವಿಚಾರಿಸಲು ಹೋದರು. ಒಬ್ಬರು ಬಾಗಿಲನ್ನು ಅರ್ಧ ತೆರೆದು, "ಚೆನ್ನಾಗಿದೆ ಅಕ್ಕ" ಎಂದರು. ಇನ್ನೊಬ್ಬರು ಒಲೆ ಮೇಲೆ ಹಾಲಿದೆ ಎಂದು ಒಳಗೆ ಓಡಿದರು. ಪಕ್ಕದ ಮನೆಯ ಗಿರಿಜ, "ಒಳ್ಳೇದಾಯ್ತು ಅಕ್ಕ, ತುಂಬ ಒಳ್ಳೇದಾಯ್ತು" ಎಂದು ಎರಡೆರಡು ಸಲ ಹೇಳಿ ಬೇರೆ ಕಡೆ ನೋಡಿದಳು. ಮುಂದಿನ ವಾರವೂ ಅದೇ.

ಅಕ್ಕ ನನ್ನೆದುರು ಕುಳಿತು ಸಣ್ಣ ದನಿಯಲ್ಲಿ ಹೇಳಿದರು: "ಬಳಸಿದ ಸಾಮಾನಿಗೆ ಒಂದಾದ್ರೂ ದೂರು ಇರ್ಬೇಕು. ಯಾರೂ ಏನೂ ಹೇಳ್ತಿಲ್ಲ ಅಂದ್ರೆ ಹೇಳೋಕಾಗದಷ್ಟು ದೊಡ್ಡ ದೋಷ ಇದೆ. ಪಾಪ, ನಂಗೆ ಬೇಜಾರಾಗುತ್ತೆ ಅಂತ ಸುಮ್ಮನಿದಾರೆ."

ಅಲ್ಲಿಂದ ಅವರಿಗೆ ನಿದ್ದೆ ಹೋಯಿತು. ತಮ್ಮ ಮನೆಯಲ್ಲಿದ್ದ ಮಾದರಿಯನ್ನು ದಿನಾ ಬಿಚ್ಚುವುದು, ಕಟ್ಟುವುದು. ಗೋಡೆ ಎತ್ತರವಾಯಿತೇನೋ ಎಂದು ಇಳಿಸಿದರು. ತಗ್ಗಾಯಿತೆಂದು ಏರಿಸಿದರು. ಮರ ಭಾರವಾಯಿತೆಂದು ಬೇರೆ ಮರ. ಊಟ ಕಡಿಮೆಯಾಯಿತು, ನಡುಕ ಹೆಚ್ಚಿತು. ಪಾತ್ರೆ ಅಂಗಡಿಯವರು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಬೀದಿಯಲ್ಲಿ ಆಗಲೇ ಆಕಾಶಬುಟ್ಟಿಗೆ ಬಿದಿರು ಸೀಳುತ್ತಿದ್ದರು. ಅಕ್ಕನಿಗೆಂದು ಮನೆಯ ಒಂದು ಕೋಣೆಗೆ ಸುಣ್ಣ ಹೊಡೆಸಿದ್ದೇವೆ ಎಂದು ತಂಗಿಯಿಂದ ಸುದ್ದಿ ಬಂತು. ಅದನ್ನು ಹೇಳುವಾಗ ಅಕ್ಕನ ದನಿಯೂ ನಡುಗಿತು. ಅಲ್ಲಿಯವರೆಗೆ ನಡುಗುತ್ತಿದ್ದದ್ದು ಕೈ ಮಾತ್ರ.

ಒಂದು ಭಾನುವಾರ ಬಚ್ಚಲಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ಕಲ್ಲಿನ ಅಡಿಯಲ್ಲಿ ಹಳೆಯ ಕೊಡೆಯ ಕಪ್ಪು ಬಟ್ಟೆ ಸುತ್ತಿದ ಏನೋ ಕಂಡಿತು. ಎಳೆದು ನೋಡಿದರೆ ಅಕ್ಕನ ಮಣೆ. ಬಟ್ಟೆ ಬಿಚ್ಚಿದಾಗ ಒಂದು ಹಿಡಿ ಕರಿ ಎಳ್ಳು ಉದುರಿತು.

"ಅತ್ತೆ, ಏನಿದು?"

"ಮುಟ್ಬೇಡ, ಅಲ್ಲೇ ಇಡು" ಎಂದರು ಅತ್ತೆ ಹಿತ್ತಲ ಬಾಗಿಲಿನಿಂದ. "ಶನಿವಾರ ದೀಪ ಹಚ್ಚೋ ಹೊತ್ತಿಗೆ ಕಬ್ಬಿಣ ತಂದು ಕೈಗೆ ಕೊಟ್ಟಳು, ಅದೂ ದುಡ್ಡಿಲ್ದೆ. ದೊಡ್ಡವಳು, ಬೇಡ ಅನ್ನೋಕೆ ಆಗುತ್ತಾ? ಶನಿ ದಾನ ತಗೊಂಡು ಒಳಗೆ ಇಟ್ಕೊಳೋಕೂ ಆಗುತ್ತಾ? ನನ್ ಮಂಡಿ ಅವತ್ತಿಂದ ಜಾಸ್ತಿ ಆಗಿದೆ, ಗೊತ್ತಾ ನಿಂಗೆ?"

ನನಗೆ ತಟ್ಟನೆ ಹೊಳೆದು, ಸೊಪ್ಪನ್ನು ಅಲ್ಲೇ ಬಿಟ್ಟು ಉಳಿದ ಮನೆಗಳಿಗೆ ಹೋದೆ. ಒಂದು ಕಾಂಪೌಂಡಿನ ಮೂಲೆಯಲ್ಲಿ, ಬಕೆಟ್ಟಿನ ಕೆಳಗೆ ಇತ್ತು. ಇನ್ನೊಂದು ಸ್ಕೂಟರ್ ಶೆಡ್ಡಿನ ತಗಡಿನ ಮೇಲೆ. ಯಾರೂ ಒಂದು ಹಸಿಮೆಣಸಿನಕಾಯಿಯನ್ನೂ ಅದರಲ್ಲಿ ಹೆಚ್ಚಿರಲಿಲ್ಲ. ಗಿರಿಜ ಮಾತ್ರ ಕೈಕೈ ಹಿಸುಕಿಕೊಂಡು, "ನಾನು ಶನಿದೇವರ ಗುಡಿಗೆ ಕೊಟ್ಟುಬಿಟ್ಟೆ ಕಣ್ರಿ, ಎಳ್ಳೆಣ್ಣೆ ಜೊತೆ. ಅಕ್ಕಂಗೆ ಹೇಳ್ಬೇಡಿ" ಎಂದಳು.

ಹೇಳದೆ ಇರುವ ಹಾಗಿರಲಿಲ್ಲ. ಆದರೆ ಹೇಗೆ ಹೇಳುವುದು? ಬೀದಿಯೆಲ್ಲ ಸೇರಿ ಅವರ ಸಾಮಾನನ್ನು ಅನಿಷ್ಟ ಎಂದುಕೊಂಡಿತು ಎಂದರೆ ಆ ಜೀವ ತಡೆದುಕೊಳ್ಳುತ್ತದೆಯೇ ಎಂದು ಹೆದರಿಕೊಂಡೇ ಹೋದೆ. ಅವರ ಅಡುಗೆಮನೆಯಲ್ಲೇ ಕಾಫಿ ಮಾಡಿ ಅರ್ಧ ಲೋಟ ಅವರ ಕೈಗೆ ಕೊಟ್ಟು, ಎಳ್ಳಿನಿಂದ ಗುಡಿಯವರೆಗೆ ಎಲ್ಲ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಗಲು ಶುರುಮಾಡಿದರು. ನಕ್ಕು ನಕ್ಕು ಕಾಫಿ ಸೀರೆಯ ಮೇಲೆ ಚೆಲ್ಲಿತು. ಕೈಯನ್ನು ಸೆರಗಿನ ಕೆಳಗೆ ಎಳೆದುಕೊಳ್ಳಲಿಲ್ಲ. ನನ್ನ ಹಿಂದೆಯೇ ಬಂದ ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರೂ ಎಳೆದುಕೊಳ್ಳಲಿಲ್ಲ.

"ನಾನೇ ಶನಿವಾರ ಒಂದು ಮೊಳೆ ಕೊಳ್ಳಲ್ಲ ಮಾರಾಯ್ತಿ" ಎಂದರು. "ಇದು ಸ್ಯಾಂಪಲ್ ಅಂದ್ಕೊಂಡಿದ್ದೆ. ಸ್ಯಾಂಪಲ್‌ಗೆ ಶನಿ ಎಲ್ಲಿಂದ ಬರ್ತಾನೆ ಅಂತ."

ಅತ್ತೆ ಆ ಕೈಯನ್ನು ನೋಡಿದರು. "ಬುಧವಾರ ಕೊಡು" ಎಂದರು. "ಒಂದೊಂದು ರೂಪಾಯಿ ಇಸ್ಕೊ. ಕೊಂಡಿದ್ದಾದ್ರೆ ದಾನ ಅಲ್ಲ. ಮೊದಲ್ನೇದು ನಾನೇ ತಗೋತೀನಿ."

ಮರುದಿನ ನಾವಿಬ್ಬರೂ ಶನಿದೇವರ ಗುಡಿಯ ಹಿಂದಿದ್ದ ಅರ್ಚಕರ ಮನೆಗೆ ಹೋದೆವು. ಅಡುಗೆಕಟ್ಟೆಗೆ ಅಕ್ಕನ ಮಣೆ ಬಿಗಿದಿತ್ತು. ಕತ್ತಿಗೆ ಬದನೆಕಾಯಿಯ ಕರೆ ಹಿಡಿದಿತ್ತು. ಅಕ್ಕ ಆ ಕರೆಯನ್ನು ನೋಡಿದ್ದು ಯಾರೋ ಮೊಮ್ಮಗುವನ್ನು ನೋಡಿದ ಹಾಗಿತ್ತು.

"ಇದು ನೀವು ಮಾಡ್ಸಿದ್ದಾ? ದಿನಾ ಇದ್ರಲ್ಲೇ" ಎಂದರು ಅರ್ಚಕರ ಹೆಂಡತಿ. "ಶನಿವಾರದ ಕಬ್ಬಿಣ ಬೇಡ ಅಂತ ನಾವೂ ಕೂತಿದ್ರೆ ನಮ್ಮನೇಲಿ ಬಾಣಲೆ, ಸೌಟು ಒಂದೂ ಇರ್ತಿರ್ಲಿಲ್ಲ. ಆದ್ರೆ ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಈ ಕೆಳಗಿನ ತಿರುಪು ಇದೆಯಲ್ಲ, ಗುಂಡಗಿದೆ. ನಮ್ ಕೈಯಲ್ಲಿ ಯಾವಾಗ್ಲೂ ದೀಪದ ಎಣ್ಣೆ. ಬಿಗಿ ಮಾಡೋಕೆ ಹೋದ್ರೆ ಜಾರುತ್ತೆ. ಮಣೆ ಸ್ವಲ್ಪ ಅಲ್ಲಾಡುತ್ತೆ."

ಮೊದಲ ದೂರು. ಅಕ್ಕನ ಕೈ ಗಂಟಿಗೆ ಹೋಯಿತು. ಪೆನ್ಸಿಲು ತೆಗೆದರು. ಗುಂಡು ತಿರುಪನ್ನು ಅವರೂ ಬೆರಳಿನಲ್ಲಿ ಬಿಗಿಮಾಡಲಾರದೆ ದಿನಾ ಒದ್ದಾಡುತ್ತಿದ್ದರು. ಅದು ತಮ್ಮ ಕೈಯ ದೋಷ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಎಣ್ಣೆ ಕೈಗೂ ಅದೇ ಕಷ್ಟ ಎಂದಮೇಲೆ ಅದು ಸಾಮಾನಿನ ದೋಷ. ಸಾಮಾನಿನ ದೋಷವನ್ನು ತಿದ್ದಬಹುದು. ತಿರುಪಿಗೆ ಅಡ್ಡಲಾಗಿ ಒಂದು ಸರಳು ಹಾಕಿಸಿದರು, ಅಂಗೈಯಿಂದಲೇ ತಳ್ಳಿ ಬಿಗಿಮಾಡುವ ಹಾಗೆ. ಮುರುಗೇಶ ಅದನ್ನು ಬೆಸೆದುಕೊಟ್ಟು, "ಈಗ ಏನ್ ಮಾ? ಆಗುತ್ತಾ?" ಎಂದ. ಅಕ್ಕ ಒಂದು ಸಲ ಬಿಗಿದು, ಒಂದು ಸಲ ಬಿಚ್ಚಿ, "ಮುಗೀತು" ಎಂದರು. ಮುರುಗೇಶ ನನ್ನ ಕಡೆ ತಿರುಗಿ, ಕಿವಿಗೆ ಸರಿಯಾಗಿ ಬಿತ್ತೋ ಇಲ್ಲವೋ ಎನ್ನುವ ಹಾಗೆ ನೋಡಿದ.

ವಾಪಸ್ ತರಿಸಿ ಸರಳು ಹಾಕಿಸಿದ ಮಣೆಗಳನ್ನು ಬುಧವಾರ ಬೀದಿಯವರು ಒಂದೊಂದು ರೂಪಾಯಿ ಮೇಲಿಟ್ಟು ತೆಗೆದುಕೊಂಡರು. ಮೂರೇ ದಿನಕ್ಕೆ ದೂರುಗಳ ಮಳೆ. ಬಣ್ಣ ಮಂಕಾಗಿದೆ, ಹಲಸಿನಕಾಯಿಗೆ ಸಾಲುವುದಿಲ್ಲ, ತುದಿಯಲ್ಲಿ ಕಾಯಿ ತುರಿಯುವ ಹಲ್ಲೂ ಇದ್ದಿದ್ದರೆ. ಅಕ್ಕ ಎಲ್ಲಕ್ಕೂ ತಲೆಯಾಡಿಸುತ್ತಾ, ಎರಡನೇ ಅರ್ಧ ಕಾಫಿಯನ್ನೂ ಕುಡಿಯುತ್ತಾ ಕೂರುತ್ತಿದ್ದರು.

ದೀಪಾವಳಿಗೆ ಎರಡು ದಿನವಿರುವಾಗ ತಂಗಿ ಬಂದರು. ಬ್ಯಾಗು ತುಂಬಿಕೊಂಡು ಹೋಗಲು ಖಾಲಿ ಸೂಟ್‌ಕೇಸೂ ತಂದಿದ್ದರು. ಅಕ್ಕ ಅದನ್ನು ನೋಡದವರಂತೆ ಒಳಗೆ ಹೋಗಿ, ಮಣೆಯನ್ನು ಅಂಗೈಯಿಂದ ಬಿಗಿದು, ಹುರುಳಿಕಾಯಿ ತೆಗೆದುಕೊಂಡರು. ನನಗೆ ಗಾಬರಿ. ಕುಂಬಳಕಾಯಿಯೋ ಸೋರೆಕಾಯಿಯೋ ಹೆಚ್ಚಬಾರದೇ? ಹುರುಳಿಕಾಯಿ ಸಣ್ಣಗೆ ಹೆಚ್ಚುವುದು ಗಟ್ಟಿ ಕೈಯವರಿಗೇ ಕಷ್ಟ. ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ನಾನು ಫ್ರಿಜ್ಜಿಗೆ ಒರಗಿದ್ದೆ. ಅಕ್ಕ ಎಡ ಹೆಬ್ಬೆರಳನ್ನು ಮಣೆಯ ಅಂಚಿಗೆ ಊರಿ, ಎರಡೂ ಕೈಯಲ್ಲಿ ಒಂದು ಹಿಡಿ ಕಾಯಿ ಸೇರಿಸಿ ಮುಂದಕ್ಕೆ ತಳ್ಳಿದರು. ಕೈ ನಡುಗುತ್ತಲೇ ಇತ್ತು. ನಡುಗಿದ ಬೆರಳು ಹೋಗಿ ಮರದ ಗೋಡೆಗೆ ತಾಗುತ್ತಿತ್ತು, ಟಕ್ ಟಕ್ ಎಂದು. ಆ ಸದ್ದು ಇನ್ನೂ ನನಗೆ ಕೇಳಿಸುತ್ತದೆ. ಕತ್ತಿ ಮಾತ್ರ ಅಲುಗಲಿಲ್ಲ. ಕಾಯಿ ಒಂದೇ ಅಳತೆಯಲ್ಲಿ ತಟ್ಟೆಗೆ ಬಿದ್ದವು.

ಊಟಕ್ಕೆ ಕುಳಿತಾಗ ತಂಗಿ ತಟ್ಟೆಯ ಪಲ್ಯವನ್ನೆಲ್ಲ ಮುಗಿಸಿದರು. ಕೊನೆಗೆ, "ಪಲ್ಯಕ್ಕೆ ಉಪ್ಪು ಒಂಚೂರು ಕಮ್ಮಿ ಆಯ್ತು" ಎಂದರು. ಖಾಲಿ ಸೂಟ್‌ಕೇಸು ಖಾಲಿಯೇ ಬಸ್ಸು ಹತ್ತಿತು. ಹೋಗುವಾಗ ಒಂದು ರೂಪಾಯಿ ಇಟ್ಟು ತಮಗೂ ಒಂದು ಮಣೆ ತೆಗೆದುಕೊಂಡರು.

ಪಾತ್ರೆ ಅಂಗಡಿಯಲ್ಲಿ ಮಣೆ ಕುಕ್ಕರುಗಳ ಪಕ್ಕ ಕುಳಿತಿತು. ಕೆಲವು ಹೋದವು, ಕೆಲವು ಧೂಳು ತಿಂದವು. ಮರುವರ್ಷ ಅಂಥದ್ದೇ ಸ್ಟೀಲಿನದು ಎಲ್ಲಿಂದಲೋ ಬಂದು ಪಕ್ಕದಲ್ಲೇ ಕುಳಿತಿತು. ನನಗೆ ಸಿಟ್ಟು ಬಂತು. ಅಕ್ಕ ಅದನ್ನು ಎತ್ತಿ, ಅಡಿಯ ತಿರುಪು ನೋಡಿ, "ಗುಂಡಗಿದೆ, ಜಾರುತ್ತೆ" ಎಂದು ಅಂಗಡಿಯವರಿಗೆ ಹೇಳಿ ಬಂದರು. ಅದನ್ನು ಮಾಡಿದವರಿಗೆ ತಿಳಿಸಿ ಎಂದೂ ಹೇಳಿದರು. ತಮ್ಮ ಅಡುಗೆಮನೆಯಲ್ಲಿ ತಾವೇ ಹೆಚ್ಚಿಕೊಂಡು, ಬೇಯಿಸಿಕೊಂಡು ಇದ್ದರು. ಮತ್ತೆ ಅವರ ಬೆರಳಲ್ಲಿ ಬ್ಯಾಂಡೇಜು ಕಾಣಲಿಲ್ಲ. ಕಳೆದ ತಿಂಗಳು ಜ್ವರ ಬಂತೆಂದು ತಂಗಿ ಬಂದು ಕರೆದುಕೊಂಡು ಹೋದರು. ನಾಲ್ಕು ದಿನಕ್ಕೆ ಬರ್ತೀನಿ, ನುಗ್ಗೆಕಾಯಿ ಇಟ್ಟಿರು ಎಂದಿದ್ದರು. ಬರಲಿಲ್ಲ.

ತಿಂಗಳ ಕಾರ್ಯ ಮುಗಿಸಿ ಇವತ್ತು ತಂಗಿ ಮನೆ ಖಾಲಿ ಮಾಡಲು ಬಂದಿದ್ದರು. ಕಾಫಿ ಕುಡಿದು, ಗೋಣಿಚೀಲ ನನ್ನ ಕೈಗಿಟ್ಟು, "ಅಕ್ಕನ ಮಣೆ. ನಿಮ್ಮ ಹತ್ರಾನೇ ಇರ್ಲಿ" ಎಂದರು. ನಾನು ಪರ್ಸು ತೆಗೆದೆ. ಅವರ ಕಣ್ಣು ತುಂಬಿಕೊಂಡಿತು. ಪರ್ಸು ಮುಚ್ಚಿದೆ.

ಭಜನೆ ಮುಗಿಸಿ ಅತ್ತೆ ಬಂದರು. ಮೆಟ್ಟಿಲಲ್ಲೇ ನಿಂತು ಚೀಲ ನೋಡಿದರು.

"ಏನದು?"

"ಅಕ್ಕನ ಮಣೆ. ತಂಗಿ ಕೊಟ್ಟು ಹೋದ್ರು."

"ಇವತ್ತಾ?"

"ಹೂಂ. ನಾಳೆ ಕೊಡಿ ಅನ್ನೋಕೆ ನಂಗೆ ಬಾಯಿ ಬರಲಿಲ್ಲ."

"ರೂಪಾಯಿ ಕೊಟ್ಯಾ?"

"ಇಲ್ಲ. ಕೊಡೋಕಾಗ್ಲಿಲ್ಲ ಅತ್ತೆ."

ಅತ್ತೆ ಕಂಬ ಹಿಡಿದು ಉಸಿರು ಸುಧಾರಿಸಿಕೊಂಡರು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ನೆಲ ನೋಡುತ್ತಾ ನಿಂತಿದ್ದೆ. ಅವರು ಬಗ್ಗಿ ಗೋಣಿಯ ಬಾಯಿ ತೆರೆದು ನೋಡಿದರು. "ಹೊರಗೆ ಬಿಟ್ರೆ ತುಕ್ಕು ಹಿಡಿಯುತ್ತೆ ಕಣೆ" ಎಂದರು. "ಒಳಗೆ ತಗೊಂಡು ಬಾ."

ಮೊದಲನೆಯ ಮಣೆಯನ್ನು ರೂಪಾಯಿ ಇಟ್ಟು ಕೊಂಡವರು ಅವರೇ ಆದರೂ, ಇಷ್ಟು ದಿನ ಅದರಲ್ಲಿ ಹೆಚ್ಚುತ್ತಿದ್ದವಳು ನಾನು. ಅತ್ತೆಗೆ ನೆಲವೇ ಬೇಕು, ಹಳೆಯ ಈಳಿಗೆಯೇ ಬೇಕು. ಇವತ್ತು ಕೈಕಾಲು ತೊಳೆದುಕೊಂಡು, ದೀಪ ಹಚ್ಚಿ, ಸೀದಾ ಅಡುಗೆಮನೆಗೆ ಬಂದರು. ಅಕ್ಕನ ಮಣೆಯನ್ನು ಕಟ್ಟೆಗೆ ಹಾಕಿ, ಸರಳನ್ನು ಅಂಗೈಯಿಂದ ತಳ್ಳಿ ಬಿಗಿಮಾಡಿದರು. ಮಣೆಯ ಅಂಚಿನಲ್ಲಿ ಅಕ್ಕನ ಎಡ ಹೆಬ್ಬೆರಳು ಊರಿ ಊರಿ ಒಂದು ಸಣ್ಣ ಗುಳಿ ಬಿದ್ದಿದೆ. ಅತ್ತೆಯ ಹೆಬ್ಬೆರಳು ಹುಡುಕದೆಯೇ ಅಲ್ಲಿ ಕುಳಿತಿತು. "ಹುರುಳಿಕಾಯಿ ಕೊಡು" ಎಂದರು. ನಿಂತು ಅಭ್ಯಾಸವಿಲ್ಲದ ಅವರ ಬೆರಳ ಮೇಲೇ ಕಣ್ಣಿಟ್ಟು, ಹುರುಳಿಕಾಯಿ ಮುಗಿಯುವವರೆಗೂ ನಾನು ಪಕ್ಕದಿಂದ ಕದಲಲಿಲ್ಲ.

ರಾತ್ರಿ ಅಕ್ಕಿ ರೊಟ್ಟಿ, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಇವರು ಪಲ್ಯ ಎರಡು ಸಲ ಹಾಕಿಸಿಕೊಂಡರು. ಶನಿವಾರ ರಾತ್ರಿ ಹಣ್ಣು ಬಿಟ್ಟು ಏನೂ ಮುಟ್ಟದ ಅತ್ತೆ ಒಂದು ರೊಟ್ಟಿ ತಿಂದು, "ಆಗುತ್ತೆ" ಎಂದರು. ಮೊದಲು ಮಲಗಿದವರೂ ಅವರೇ. ದಿನಾ ಮುಂಬಾಗಿಲ ಚಿಲಕ ಹಾಕಿದೆಯಾ ಎಂದು ಎರಡು ಸಲ ಕೇಳುವವರು ಇವತ್ತು ಒಂದು ಸಲವೂ ಕೇಳಲಿಲ್ಲ. ನಾನೇ ಎದ್ದು ಹೋಗಿ ನೋಡಿ ಬಂದೆ. ಹಾಕಿತ್ತು.